ಎರಡು ಕೊಪ್ಪರಿಗೆ, ಒಂದೇ ಮುಚ್ಚಳ

ಮೊನ್ನೆ ಮಧುವನಹಳ್ಳಿಯ ಬೀಗರೂಟದಲ್ಲಿ ಅಡುಗೆಯವರು ಕೊಪ್ಪರಿಗೆಯ ಮುಚ್ಚಳ ಸರಿಸಿದರು. ಸಾರಿನ ಹಬೆಯ ನಡುವೆ ಅದರ ಅಂಚಿನಲ್ಲಿ ಕೆಂಪು ಬಣ್ಣದ ‘೭’ ಕಂಡಿತು. ಅದನ್ನು ಬರೆದ ಕೈ ಯಾರದೆಂದು ನನಗೆ ಗೊತ್ತು. ಊಟ ಮರೆತು ನಿಂತುಬಿಟ್ಟೆ...

ಕೊಳ್ಳೇಗಾಲದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ನಾನು ಮಾವ ಎನ್ನುತ್ತಿದ್ದೆ. ಮುಚ್ಚಳವಿಲ್ಲದ ಕೊಪ್ಪರಿಗೆ ತಮ್ಮ ಅಂಗಡಿಯ ಹೊಸ್ತಿಲು ದಾಟಿಲ್ಲ ಎನ್ನುವುದು ಅವರ ಜಂಭ. ಅದರಲ್ಲೊಂದು ಗುಟ್ಟಿತ್ತು. ಎರಡು ದೊಡ್ಡ ಕೊಪ್ಪರಿಗೆಗಳಿಗೆ ಇದ್ದದ್ದು ಒಂದೇ ಮುಚ್ಚಳ. ಇನ್ನೊಂದನ್ನು ಯಾವುದೋ ಮದುವೆ ನುಂಗಿತ್ತು. ಹಾಗಾಗಿ ಎರಡನ್ನೂ ಅವರು ಒಂದೇ ದಿನ ಕಳಿಸುತ್ತಿರಲಿಲ್ಲ.

ನಾನಾಗ ಬಿಸಿಎ ಕೊನೆಯ ವರ್ಷ. ಅಂಗಡಿಗೊಂದು ಪ್ರೋಗ್ರಾಂ ಬರೆದುಕೊಡುತ್ತೇನೆಂದು ಕೊಚ್ಚಿಕೊಂಡೆ.

‘ಓದ ಸಾಮಾನು ಓದಂಗೇ ವಾಪಸ್ ಬರ್ಬೇಕು ಕಣವ್ವಾ, ಅಷ್ಟೇಯ’ ಎಂದರು.

ಸಂಜೆ ಕಂಪ್ಯೂಟರ್ ಆರಿಸುವ ಮುನ್ನ ಪಾತ್ರೆಗಳ ಪಟ್ಟಿಯನ್ನು ಜೇಸನ್ ಎಂಬ ಬರಹದ ರೂಪಕ್ಕೆ ಇಳಿಸಿ ಫೈಲಿಗೆ ಹಾಕುವುದು, ಬೆಳಿಗ್ಗೆ ಅದನ್ನು ಓದಿಸಿ ಪಟ್ಟಿಯನ್ನು ಮತ್ತೆ ಎಬ್ಬಿಸುವುದು, ಇಷ್ಟೇ ಕೆಲಸ. ಮೊದಲ ದಿನ ಎಲ್ಲ ಸರಿಯಿತ್ತು. ಒಂದು ಕೊಪ್ಪರಿಗೆ ಹೊರಟರೆ ಮುಚ್ಚಳವೂ ಹೋಯಿತೆಂದು ಪ್ರೋಗ್ರಾಂ ಇನ್ನೊಂದನ್ನು ತಡೆಯುತ್ತಿತ್ತು.

ಮಾರನೆಯ ದಿನ ಮಾವ ಯಳಂದೂರಿಗೆ ಹೋಗಿದ್ದರು, ಅಂಗಡಿಯಲ್ಲಿ ನಾನೊಬ್ಬಳೇ. ಬಂಡಳ್ಳಿ, ಅಜ್ಜೀಪುರ ಎರಡೂ ಕಡೆಯವರು ದೊಡ್ಡ ಕೊಪ್ಪರಿಗೆ ಕೇಳಿದರು. ಕಂಪ್ಯೂಟರ್ ನೋಡಿದರೆ ಎರಡಕ್ಕೂ ಮುಚ್ಚಳ ಇದೆ ಎನ್ನುತ್ತಿದೆ! ಮಾವನಿಗೆ ಫೋನ್ ಮಾಡಿ ಹೇಳಿದೆ.

‘ಕಳ್ದೋಗಿದ್ದು ಸಿಕ್ತಾ ಮಗಾ?’ ಎಂದು ಹಿಗ್ಗಿದರು.

ಮುಚ್ಚಳ ಇಡುವ ಕಪಾಟಿನ ಕಡೆ ತಿರುಗಿಯೂ ನೋಡದೆ ‘ಹೂಂ ಮಾವ’ ಎಂದೆ. ಎರಡೂ ಗಾಡಿ ಹೊರಟವು.

ಅಜ್ಜೀಪುರದಲ್ಲಿ ಸಾರು ಮುಚ್ಚಲು ಏನೂ ಸಿಗದೆ ಅಡುಗೆಯವರು ಮನೆಯ ಬಾಗಿಲೊಂದನ್ನೇ ಕಳಚಿ ಇಟ್ಟರಂತೆ. ಯಾವ ಬಾಗಿಲೆಂದು ಉಂಡವರು ಕೇಳಲಿಲ್ಲ, ಪುಣ್ಯ.

ಬೀದಿಯೆಲ್ಲ ನಕ್ಕಿತು. ಅಷ್ಟು ವರ್ಷದ ಜಂಭ ಒಂದೇ ದಿನಕ್ಕೆ ಮಣ್ಣುಪಾಲು. ನಾನು ಅಳುತ್ತಲೇ ವಿವರಿಸಿದೆ: ಬರಹಕ್ಕೆ ಇಳಿಸುವಾಗ ಅದೇ ಮುಚ್ಚಳ ಎರಡೂ ಕೊಪ್ಪರಿಗೆಗಳ ಕೆಳಗೆ ಒಂದೊಂದು ಸಲ ದಾಖಲಾಗಿತ್ತು, ಓದಿಸಿದಾಗ ಎರಡಾಗಿ ಎದ್ದಿತ್ತು. ಮಾವ ಕಣ್ಣರಳಿಸಿದರು.

‘ಎರಡ್ ಸಲ ಬರುದ್ರೆ ಎರಡಾಯ್ತದಾ? ಅಂಗಾರೆ ನನ್ನೂ ಎರಡ್ ಕಡೆ ಬರಿ ಮಗಾ. ಒಬ್ಬ ಅಂಗ್ಡೀಲಿ ಕೂತ್ಕಳ್ಳಿ, ಇನ್ನೊಬ್ಬ ಮನೇಲಿ ಮನೀಕಳ್ಳಿ.’

ಪ್ರತಿ ಮುಚ್ಚಳಕ್ಕೂ ಒಂದು ನಂಬರ್ ಕೊಟ್ಟು, ಕೊಪ್ಪರಿಗೆಯ ಕೆಳಗೆ ಆ ನಂಬರನ್ನಷ್ಟೇ ಬರೆದರೆ ಸರಿಹೋಗುತ್ತದೆ ಎಂದೆ. ಮಾವನಿಗೆ ಕಂಪ್ಯೂಟರಿನ ಮೇಲೆ ನಂಬಿಕೆ ಹೋಗಿತ್ತು. ಕೆಂಪು ಬಣ್ಣದ ಡಬ್ಬಿ ತಂದು ನಂಬರುಗಳನ್ನು ಮುಚ್ಚಳಗಳ ಮೇಲೂ ತಾವೇ ಬರೆದರು. ದೊಡ್ಡ ಕೊಪ್ಪರಿಗೆಗಳ ಆ ಒಂದೇ ಮುಚ್ಚಳಕ್ಕೆ ಬಂದದ್ದು ೭.

ಮಾವ ಹೋಗಿ ಮೂರು ವರ್ಷವಾಯಿತು. ಪಾತ್ರೆಗಳು ಯಾರ್ಯಾರದೋ ಪಾಲಾದವು. ಬೀಗರೂಟದಿಂದ ಬಂದವಳೇ ಹಳೆಯ ಫೈಲನ್ನು ಓದಿಸಿದೆ. ಒಂದು ಸೌಟೂ ತಪ್ಪದೆ ಎಲ್ಲವೂ ಎದ್ದು ಬಂದವು. ‘ಮುಚ್ಚಳ ೭, ಎಲ್ಲಿದೆ: ಅಂಗಡಿ’ ಎಂದಿತ್ತು. ತಿದ್ದಲು ಮನಸ್ಸಾಗಲಿಲ್ಲ. ಮಾವನಿಗಾಗಿ ಮೇಲಿಂದ ಕೆಳಗೆ ಹುಡುಕಿದೆ. ಎರಡು ಕಡೆ ಹಾಗಿರಲಿ, ಒಂದು ಕಡೆಯೂ ನಾನು ಅವರನ್ನು ಬರೆದಿರಲಿಲ್ಲ.