ಹದಿನಾಲ್ಕನೇ ನಂಬರಿಗೊಂದು ಸ್ಟಾಪು ಕೊಟ್ಟ ಬೋರ್ಡಣ್ಣ

ಬೋರ್ಡಣ್ಣನಿಗೆ ಸಿಟಿ ಬಸ್ ಡಿಪೋದವರು ಇನ್ನೂ ಮೂರು ತಿಂಗಳ ಸಂಬಳ ಕೊಡಬೇಕು. ಕೆಲಸ ಮಾಡಲಿಲ್ಲ ಅಂತ ತಡೆಹಿಡಿದಿಲ್ಲ. ಹೇಳಿದ್ದಕ್ಕಿಂತ ಒಂದು ಸಾಲು ಹೆಚ್ಚು ಬರೆದ ಅಂತ ಹಿಡಿದಿದ್ದಾರೆ.

ರೈಲಿಳಿದು ಸ್ಟೇಷನ್ನಿನ ಹೊರಗೆ ಬಂದವರಿಗೆ ಮೊದಲು ಕಾಣುವುದು ಆಟೋದವರ ಮುಖ, ಆಮೇಲೆ ಬೋರ್ಡಣ್ಣನ ಕೈಬರಹ. ಎದುರುಗೋಡೆಯ ಮೇಲೆ ಎರಡಾಳೆತ್ತರದ ನೀಲಿ ಬೋರ್ಡು. ಯಾವ ನಂಬರಿನ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ವಿಮಾನ ನಿಲ್ದಾಣದ ಬಸ್ಸಿಗೆ ಯಾವ ಕಡೆ ತಿರುಗಬೇಕು, ಆಟೋ ಮೀಟರಿನ ದರವೆಷ್ಟು, ಎಲ್ಲವೂ ಬಿಳಿ ಅಕ್ಷರದಲ್ಲಿ. 'ಮಾರ್ಕೆಟ್: ನಡೆದರೆ ಹತ್ತೇ ನಿಮಿಷ' ಎಂದು ಬರೆದದ್ದಕ್ಕೆ ಆಟೋದವರು ಒಂದು ವರ್ಷ ಅವನ ಜೊತೆ ಮಾತು ಬಿಟ್ಟಿದ್ದರು. ಅವನೂ ಒಂದು ವರ್ಷ ಆರಾಮಾಗಿದ್ದ.

ಅವನ ಹೆಂಡತಿ ಅದೇ ಡಿಪೋದಲ್ಲಿ ಹರಿದ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತಾಳೆ. ಗಂಡನ ಬೋರ್ಡುಗಳಿಗೆ ಪರೀಕ್ಷಕಿಯೂ ಅವಳೇ. ದೂರದ್ದು ಅವಳಿಗೆ ಮಂಜು. ಬಣ್ಣ ಒಣಗುವ ಮುಂಚೆ ಕನ್ನಡಕ ತೆಗೆದು, ಹೆಗಲಿಗೊಂದು ಬ್ಯಾಗು ಸಿಕ್ಕಿಸಿ, ಹನ್ನೆರಡು ಹೆಜ್ಜೆ ದೂರ ನಿಂತು ಗಟ್ಟಿಯಾಗಿ ಓದಬೇಕು. ಎಲ್ಲಿ ತಡವರಿಸಿದಳೋ ಅಲ್ಲಿ ಅಕ್ಷರ ದಪ್ಪವಾಗುತ್ತದೆ. ಕುರ್ಚಿಯಲ್ಲಿ ಕೂತು ಓದುವವರಿಗೆ ಬೋರ್ಡು ಯಾಕೆ, ಕಂಕುಳಲ್ಲಿ ಮಗು ಇಟ್ಟುಕೊಂಡು, ಹಿಂದಿನವರ ಕೈಲಿ ನೂಕಿಸಿಕೊಳ್ಳುತ್ತಾ ಓದುವವರಿಗೆ ತಾನೇ ಬೇಕಾದ್ದು ಎನ್ನುತ್ತಾನೆ. ನಮ್ಮ ಕಾರ್ಮಿಕ ಸಂಘದ ಮೆರವಣಿಗೆಗಳ ಫಲಕಗಳನ್ನೂ ಅವನೇ ಬರೆದುಕೊಟ್ಟವನು. ನಾವು ರಾತ್ರಿಯೆಲ್ಲ ಕಚ್ಚಾಡಿ ಕಟ್ಟಿದ ಘೋಷಣೆಯನ್ನು ಅರ್ಧಕ್ಕೆ ಕತ್ತರಿಸಿ ಕೈಗಿಡುತ್ತಿದ್ದ. ಕೇಳಿದರೆ, "ಹನ್ನೆರಡು ಹೆಜ್ಜೆಯಿಂದ ಓದೋಕಾಗದ ಸಿಟ್ಟು ಯಾರಿಗ್ರೀ ಬೇಕು?"

ಅವನ ಅಕ್ಕ ಬೇರೆ ಊರಿನವಳು. ಕಣ್ಣಿನ ಆಪರೇಷನ್ ಆದಮೇಲೆ ತೋರಿಸಿಕೊಳ್ಳಲು ಒಬ್ಬಳೇ ರೈಲಿನಲ್ಲಿ ಬಂದಳು. ತಮ್ಮ ಅವತ್ತು ಊರಿನ ಇನ್ನೊಂದು ತುದಿಯಲ್ಲಿ ಏಣಿಯ ಮೇಲಿದ್ದ. ಹದಿನಾಲ್ಕನೇ ನಂಬರು ಕಣ್ಣಾಸ್ಪತ್ರೆ ಕಡೆ ಹೋಗುತ್ತೆ, ಬೋರ್ಡು ಇದೆಯಲ್ಲ, ಓದಿಕೊಂಡು ಹೋಗು ಎಂದಿದ್ದ. ಆಕೆ ಓದಿಕೊಂಡೇ ಹದಿನಾಲ್ಕನೇ ನಂಬರು ಹತ್ತಿದಳು. ಆ ಬಸ್ಸು ಕಣ್ಣಾಸ್ಪತ್ರೆಯ ಹಿಂದಿನ ಗೇಟಿನ ಮುಂದೆಯೇ ಹೋಗುತ್ತದೆ. ಹೊರರೋಗಿಗಳ ಚೀಟಿ ಕೊಡುವುದೂ ಅದೇ ಗೇಟಿನಲ್ಲಿ. ಆದರೆ ರಸ್ತೆ ಅಗಲ ಮಾಡುವಾಗ ಕಿತ್ತ ಸ್ಟಾಪನ್ನು ಯಾರೂ ವಾಪಸು ಹಾಕಿರಲಿಲ್ಲ. ಇಲ್ಲಿ ಸ್ಟಾಪಿಲ್ಲ ಎಂದ ಕಂಡಕ್ಟರು ಅವಳನ್ನು ಒಂದೂವರೆ ಕಿಲೋಮೀಟರು ಮುಂದೆ, ಕೊನೇ ಸ್ಟಾಪಿನಲ್ಲಿ ಇಳಿಸಿದ. ಒಂದು ಕಣ್ಣಿಗೆ ಪಟ್ಟಿ, ನೆತ್ತಿಯ ಮೇಲೆ ಬಿಸಿಲು. ಕಾಂಪೌಂಡು ಸವರಿಕೊಂಡು ನಡೆದು ಬರುವಷ್ಟರಲ್ಲಿ ಚೀಟಿ ಕೊಡುವ ಕಿಟಕಿ ಮುಚ್ಚಿತ್ತು.

ಸಂಜೆ ತಮ್ಮನ ಮನೆಯಲ್ಲಿ ಕಾಲು ಚಾಚಿ ಕೂತು ಒಂದೇ ಮಾತು ಕೇಳಿದಳು: "ಊರಿಗೆಲ್ಲ ದಾರಿ ಬರೀತೀಯಲ್ಲೋ, ಕಣ್ಣು ಕಾಣದೋರಿಗೆ ಒಂದು ಸಾಲು ಬರೆಯೋಕೆ ನಿನ್ನ ಕೈಲಾಗಲಿಲ್ವಾ?"

ಸ್ಟಾಪು ವಾಪಸು ಹಾಕಿ ಎಂದು ಅವನು ಡಿಪೋಗೆ ಮೂರು ಅರ್ಜಿ ಕೊಟ್ಟ. ಮೂರೂ ಪರಿಶೀಲನೆಯಲ್ಲಿ ಕೊಳೆತವು. ಆ ವರ್ಷ ಬೋರ್ಡಿಗೆ ಹೊಸ ಬಣ್ಣ ಬಳಿಯುವಾಗ ಹದಿನಾಲ್ಕನೇ ನಂಬರಿನ ಪಟ್ಟಿಯಲ್ಲಿ, ಕೊನೇ ಸ್ಟಾಪಿನ ಮೇಲಿದ್ದ ಖಾಲಿ ಜಾಗದಲ್ಲಿ ಬರೆದೇಬಿಟ್ಟ: 'ಕಣ್ಣಾಸ್ಪತ್ರೆ ಹಿಂದಿನ ಗೇಟು'. ಹೆಂಡತಿ ಒಂದೇ ಉಸಿರಿಗೆ ಓದಿದಳು.

ಪರಊರಿನವರು ಬೋರ್ಡನ್ನು ನಂಬುತ್ತಾರೆ. ಬಸ್ಸು ಹತ್ತಿ ಆ ಹೆಸರು ಹೇಳತೊಡಗಿದರು. ಅಂಥ ಸ್ಟಾಪೇ ಇಲ್ಲ ಎಂದರೆ, ಅಷ್ಟು ದೊಡ್ಡದಾಗಿ ಬರೆದಿದೆಯಲ್ಲಪ್ಪಾ ಎಂದು ಇಡೀ ಬಸ್ಸು ತಿರುಗಿಬೀಳುತ್ತಿತ್ತು. ದಿನಕ್ಕೆ ಎಷ್ಟು ಸಲ ಜಗಳವಾಡುವುದು? ಡ್ರೈವರುಗಳು ಗೇಟಿನ ಮುಂದೆ ನಿಧಾನ ಮಾಡಿದರು, ಆಮೇಲೆ ನಿಲ್ಲಿಸಿದರು. ತಿಂಗಳೊಳಗೆ ಕಿತ್ತಳೆ ಮಾರುವವಳು ಬುಟ್ಟಿ ಸಮೇತ ಅಲ್ಲಿಗೆ ಬಂದಳು. ಸ್ಟಾಪು ಅನ್ನಲು ಇನ್ನೇನು ಬೇಕು?

ಎರಡು ವರ್ಷ ಹೀಗೇ ನಡೆಯಿತು. ಹದಿನಾಲ್ಕನೇ ನಂಬರು ದಿನಾ ನಾಲ್ಕು ನಿಮಿಷ ತಡ ಯಾಕೆ ಎಂದು ಹುಡುಕಿದ ಹೊಸ ಮ್ಯಾನೇಜರರಿಗೆ ಕೊನೆಗೆ ಬೋರ್ಡು ಸಿಕ್ಕಿತು. ಬೋರ್ಡಣ್ಣನನ್ನು ಕರೆಸಿ, ಯಾರ ಆರ್ಡರಿನ ಮೇಲೆ ಬರೆದೆ ಎಂದು ಕೇಳಿದರು.

"ಜಾಗ ಖಾಲಿ ಇತ್ತು ಸಾರ್."

ಆ ಸಾಲು ಅಳಿಸುವವರೆಗೆ ಸಂಬಳವಿಲ್ಲ ಎಂದರು. ಒಂದು ತಿಂಗಳು ಹಲ್ಲು ಕಚ್ಚಿ ತಡೆದುಕೊಂಡ. ಹೆಂಡತಿಯ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಅಕ್ಕಿಗಿಲ್ಲ, ಅಕ್ಕಿ ತಂದರೆ ಬಾಡಿಗೆಗಿಲ್ಲ. ಎರಡನೇ ತಿಂಗಳು ನೀಲಿ ಡಬ್ಬಿ ಹಿಡಿದು ಏಣಿ ಹತ್ತಿದ. ಅವನನ್ನು ಹೇಡಿ ಅನ್ನುವವರು ಮೊದಲು ಒಂದು ತಿಂಗಳು ಸಂಬಳವಿಲ್ಲದೆ ಮನೆ ನಡೆಸಿ ತೋರಿಸಲಿ.

ಆದರೆ ಡಿಪೋದ ನೀಲಿ ನೀರುನೀರು. ಅವನ ಬಿಳಿ ಗಟ್ಟಿ. ಒಂದು ಕೈ ಬಳಿದು, ಅಭ್ಯಾಸಬಲದಿಂದ ಕೆಳಗೆ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಅವಳೂ ಅಭ್ಯಾಸಬಲದಿಂದ ಕನ್ನಡಕ ತೆಗೆದು ಗಟ್ಟಿಯಾಗಿ ಓದಿದಳು: "ಕಣ್ಣಾಸ್ಪತ್ರೆ ಹಿಂದಿನ ಗೇಟು. ಇನ್ನೂ ಕಾಣ್ತಿದೆ ರೀ."

ಆಗಷ್ಟೇ ರೈಲು ಬಂದಿತ್ತು. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಮುದುಕರೊಬ್ಬರು ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು. "ಅಲ್ಲಿಗೇ ಕಣಮ್ಮ ನಾನೂ ಹೋಗಬೇಕು. ಎಷ್ಟನೇ ನಂಬರು ಅಂತ ಬರೆದಿದೆ?"

ಅವಳು ಏಣಿಯ ಮೇಲಿದ್ದ ಗಂಡನನ್ನು ನೋಡಿದಳು. "ಕೇಳ್ತಿದ್ದಾರೆ ನೋಡಿ. ನೀವೇ ಹೇಳಿ."

"ಹದಿನಾಲ್ಕು," ಎಂದ ಬೋರ್ಡಣ್ಣ. ಕೆಳಗಿಳಿದ. ನೀಲಿ ಡಬ್ಬಿಯ ಮುಚ್ಚಳ ಹಾಕಿ, ಬಿಳಿ ಡಬ್ಬಿ ತೆಗೆದುಕೊಂಡು ಮತ್ತೆ ಹತ್ತಿದ. ಅದೇ ಅಕ್ಷರಗಳ ಮೇಲೆ ಕುಂಚ ಎಳೆದ, ಮೊದಲಿಗಿಂತ ದಪ್ಪ. ಅಷ್ಟರಲ್ಲಿ ಅವಳು ಮುದುಕರ ಕೈಹಿಡಿದು ಬಸ್ಸಿಗೆ ಹತ್ತಿಸಿ ಬಂದಿದ್ದಳು. ಬಂದವಳೇ ಹನ್ನೆರಡು ಹೆಜ್ಜೆ ಎಣಿಸಿ ನಿಂತು, 'ಗೇಟು' ಸ್ವಲ್ಪ ಸೊಟ್ಟಗಾಗಿದೆ ಎಂದು ತಪ್ಪು ತೆಗೆದಳು. ಅವನು ಸರಿಮಾಡಿದ.

ಈಗ ಮೂರನೇ ತಿಂಗಳೂ ಮುಗಿಯಿತು. ಅವನು ಕೆಲಸಕ್ಕೆ ಹೋಗುತ್ತಿದ್ದಾನೆ, ಹಾಜರಿ ಹಾಕುತ್ತಿದ್ದಾನೆ, ಬೇರೆ ಬೋರ್ಡುಗಳನ್ನು ಬರೆಯುತ್ತಿದ್ದಾನೆ. ಆ ಸ್ಟಾಪು ಯಾರಿಗೂ ಬೇಕಾಗಿಲ್ಲ, ಪ್ರಯಾಣಿಕರಿಂದ ಒಂದು ಕಾಗದವೂ ಬಂದಿಲ್ಲ ಎಂದು ಮ್ಯಾನೇಜರರು ಫೈಲಿನಲ್ಲಿ ಬರೆದಿಟ್ಟಿದ್ದಾರೆ.

ಅಲ್ಲಿ ಇಳಿದವರು ನೀವು. ಅಮ್ಮನನ್ನೋ ಮಾವನನ್ನೋ ಕೈಹಿಡಿದು ಇಳಿಸಿದವರು ನೀವು. ಇಳಿದ ತಾರೀಖು ಹಾಕಿ, ಸ್ಟಾಪು ಬೇಕು, ಬೋರ್ಡು ಬರೆದವನ ಸಂಬಳ ಬಿಡಿ ಎಂದು ಒಂದು ಕಾಗದ ಬರೆದು ಡಿಪೋ ಮ್ಯಾನೇಜರರಿಗೆ ಕಳಿಸಿ. ಈ ವಾರವೇ ಕಳಿಸಿ. ಅಕ್ಷರ ದಪ್ಪಗಿರಲಿ.