ಗಿಡಕ್ಕೆ ಬೇಕಾದ ತೇವ

ಮನೆಮನೆಯ ಕರೆಂಟ್ ಮೀಟರ್ ಓದುವ 'ಮೀಟರಪ್ಪ' ಹಲ್ಲುಜ್ಜುವ ಮೊದಲೇ ಮಲಗುವ ಕೋಣೆಯಲ್ಲಿ ಗಾಳಿಯ ತೇವ ಅಳೆಯುವ ಮೀಟರು ನೋಡುತ್ತಾನೆ. ಮುಳ್ಳು ತುಸು ಇಳಿದಿದ್ದರೂ ಜೀವ ಬಾಯಿಗೆ ಬರುತ್ತದೆ. ಹಬೆ ಬಿಡುವ ಯಂತ್ರಕ್ಕೆ ನೀರು ತುಂಬುತ್ತಾನೆ, ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಾನೆ, ಮಳೆಕಾಡಿನ ಅಗಲೆಲೆಯ ಗಿಡವನ್ನು ಕೂಸಿನಂತೆ ಒರೆಸುತ್ತಾನೆ. "ಕಟ್ಕೊಂಡವಳಿಗಿಂತ ಗಿಡಾನೇ ಹೆಚ್ಚಾಯ್ತಲ್ಲ ನಿಮ್ಗೆ!" ಎಂದು ಹೆಂಡತಿ ಛೇಡಿಸುತ್ತಾಳೆ. "ಒಣಗಾಳಿ ಅದಕ್ಕೆ ಆಗ್ಬರಲ್ಲ ಕಣೇ" ಎನ್ನುತ್ತಾನೆ. ಒಣಗಾಳಿಗೆ ಕೆಮ್ಮು ಕೆರಳಿ ಉಸಿರು ಕಟ್ಟುವುದು ಅವಳಿಗೆ. ಅವಳಿಗೆಂದೇ ತಂದ ಯಂತ್ರವನ್ನು "ನನ್ನನ್ನ ರೋಗಿ ಮಾಡ್ಬೇಡಿ" ಎಂದು ಅಟ್ಟಕ್ಕೆ ಹಾಕಿಸಿದ್ದಳು. ಗಿಡ ಬಂದ ಮೇಲೇ ಅದು ಕೆಳಗಿಳಿದದ್ದು. ಗಿಡ ಹೋದರೆ ಯಂತ್ರವೂ ಮತ್ತೆ ಅಟ್ಟ ಸೇರುತ್ತದೆ. ಇವತ್ತು ಬೆಳಿಗ್ಗೆ ಗಿಡದ ಬುಡ ಕೊಳೆತಿತ್ತು. ಅವಳು ಏಳುವ ಮೊದಲೇ ಅದನ್ನು ಚೀಲಕ್ಕಿಳಿಸಿ, ಅಂಥದೇ ಇನ್ನೊಂದಕ್ಕಾಗಿ ಅವನು ನರ್ಸರಿಯ ಗೇಟಿನ ಮುಂದೆ ನಿಂತಿದ್ದಾನೆ. ನರ್ಸರಿ ತೆರೆಯುವುದು ಅವಳು ಎದ್ದ ಮೇಲೆಯೇ.