ಕಾಕಾರದು ಹೆಂಗೈತಿ ಹಂಗ

ಮೊನ್ನೆ ಟೀವಿಯ ಕೆಳಗಿನ ಖಾನೆಯಲ್ಲಿ ಟಾರ್ಚಿಗೆ ಸೆಲ್ ಹುಡುಕುತ್ತಿದ್ದಾಗ ಒಂದು ಪುಟ್ಟ ಕರಿಯ ರಿಮೋಟು ಕೈಗೆ ಸಿಕ್ಕಿತು. ಎರಡೇ ಗುಂಡಿ, ಒಂದು ಹಸಿರು, ಒಂದು ಕೆಂಪು. ಒಳಗಿನ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಅದರ ಘಾಟು ಮೂಗಿಗೆ ಹೊಡೆದದ್ದೇ ತಡ, ಪಕ್ಕದ ಮನೆಯ ಕಾಕಾ ನೆನಪಾದರು. ಜೊತೆಗೇ ಹೊಟ್ಟೆಯಲ್ಲಿ ಆ ಹಳೆಯ ಉರಿಯೂ ಎದ್ದಿತು. ಮನುಷ್ಯ ಹೋಗಿ ಇಷ್ಟು ವರ್ಷವಾದರೂ...

ಕಾಕಾ ನಮಗೆ ಸಂಬಂಧಿಕರಲ್ಲ. ಬೈಲಹೊಂಗಲದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹತ್ತಿ ಪೇಟೆಯಲ್ಲಿ ದಲಾಲಿ ಮಾಡಿ, ವಯಸ್ಸಾದ ಮೇಲೆ ಬಿಟ್ಟವರು. ಅವರಲ್ಲಿ ಹಳೆಯದೊಂದು ಆಂಪ್ಲಿಫೈಯರ್, ಒಂದು ಟೇಪ್ ಡೆಕ್, ಕಟ್ಟಿಗೆ ಪೆಟ್ಟಿಗೆಯ ಎರಡು ದೊಡ್ಡ ಸ್ಪೀಕರ್ ಇದ್ದವು. ಸಂಜೆಯಾದರೆ ಭಜನೆ ಪದ, ಇಲ್ಲವೇ ಸಣ್ಣಾಟದ ಹಾಡಿನ ಕ್ಯಾಸೆಟ್. ನಮ್ಮ ಮನೆಯಲ್ಲೇನೂ ಬರಗಾಲವಿರಲಿಲ್ಲ. ಮದುವೆಯಲ್ಲಿ ಮಾವನವರು ಕೊಟ್ಟ ಟೇಪ್ ರೆಕಾರ್ಡರ್ ಇತ್ತು, ಹಾಡಿಗೆ ತಕ್ಕಂತೆ ಕುಣಿಯುವ ಬಣ್ಣದ ದೀಪಗಳೂ ಅದಕ್ಕಿದ್ದವು. ರಾಮದುರ್ಗಕ್ಕೆ ಹೋದಾಗ ಕಾಕಾನ ಹತ್ತಿರವಿದ್ದ ಕ್ಯಾಸೆಟ್‌ಗಳನ್ನೇ ಹುಡುಕಿ ತಂದಿದ್ದೆ. ಆದರೂ ನಮ್ಮವ್ವ ಬತ್ತಿ ಹೊಸೆಯುವ ಹತ್ತಿಯ ಬುಟ್ಟಿ ಹಿಡಿದು ಕಾಕಾನ ಮನೆಗೇ ನಡೆಯುತ್ತಿದ್ದಳು.

ಒಮ್ಮೆ ತಡೆಯಲಾರದೆ ಕೇಳಿಬಿಟ್ಟೆ.

"ನಿಂದೂ ಚಲೋ ಐತೋ ತಮ್ಮಾ. ಆದರ ಅವರ ಮನ್ಯಾಗ ಕೇಳಿದ್ರ ಕೇಳಿದಂಗ ಆಗತೈತಿ" ಅಂದಳು.

ಆ 'ನಿಂದೂ' ನನಗೆ ಅಂದಿನ ಊಟ ಸೇರದಂತೆ ಮಾಡಿತು. ಹೆತ್ತವಳು ಹೇಳುವ ಮಾತೇ ಅದು?

ಮುಂದೆ ಕಾಕಾಗೆ ಮೊಳಕಾಲು ನೋವು ಶುರುವಾಯಿತು. ಕುಂತರೆ ಏಳಲಾಗದು, ಎದ್ದರೆ ಕೂಡಲಾಗದು. ಬಜಾರದ ರೇಡಿಯೋ ರಿಪೇರಿಯವ ಬಂದು ಅವರ ಹಳೆಯ ಆಂಪ್ಲಿಫೈಯರಿಗೆ ಒಂದು ಬೋರ್ಡು ಕೂಡಿಸಿದ. ರಿಮೋಟಿನ ಹಸಿರು ಗುಂಡಿ ಒತ್ತಿದರೆ ಬೋರ್ಡು ಟಕ್ ಎಂದು ಅದಕ್ಕೂ ಡೆಕ್ಕಿಗೂ ಕರೆಂಟು ಬಿಡುತ್ತಿತ್ತು, ಕೆಂಪು ಒತ್ತಿದರೆ ಬಂದ್. ಡೆಕ್ಕಿನ ಹಾಡುವ ಗುಂಡಿಯನ್ನು ಕಾಕಾ ಒತ್ತಿಯೇ ಇಟ್ಟಿರುತ್ತಿದ್ದರು. ಕರೆಂಟು ಬಂದೊಡನೆ ಹಾಡು ನಿನ್ನೆ ನಿಂತಲ್ಲಿಂದಲೇ, ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ಒಂದು ಗಳಿಗೆ ಎಳೆದಾಡಿ, ಆಮೇಲೆ ಹದಕ್ಕೆ ಬರುತ್ತಿತ್ತು. ಓಣಿಯವರೆಲ್ಲ ನೋಡಿ ಬಂದರು. ಅವ್ವನಂತೂ ಆ ರಾತ್ರಿ ರೊಟ್ಟಿ ಮುರಿಯುತ್ತ ನನ್ನ ಹೆಂಡತಿಯ ಮುಂದೆ ಅದನ್ನೇ ಬಣ್ಣಿಸಿದಳು. ನನ್ನ ಮೊಳಕಾಲು ಗಟ್ಟಿಯಾಗಿದ್ದವು, ಆದರೂ ರಿಮೋಟಿಲ್ಲದ ಬಾಳು ಬಾಳೇ ಅಲ್ಲ ಅನ್ನಿಸಿತು.

ಮರುದಿನವೇ ನನ್ನ ಟೇಪ್ ಹೊತ್ತುಕೊಂಡು ರಿಪೇರಿಯವನ ಅಂಗಡಿಗೆ ಹೋದೆ.

"ಕಾಕಾರದು ಹೆಂಗೈತಿ ಹಂಗ ಮಾಡ್ರಿ. ಒಂದ ಎಳಿ ಫರಕ ಆಗಬಾರದು" ಅಂದೆ.

ಆತ ನನ್ನ ಮುಖ ನೋಡಿ, ಹಂಗ ಆಗಲಿ ಬಿಡ್ರಿ ಎಂದ.

ಟೇಪು ಮನೆಗೆ ಬಂದ ಸಂಜೆ ಅವ್ವನನ್ನು ಕೈಹಿಡಿದು ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಹಸಿರು ಗುಂಡಿ ಒತ್ತಿದೆ. ಟಕ್ ಎಂದಿತು. ದೀಪ ಕುಣಿದವು, ಹಾಡು ಎದ್ದಿತು. ನಾನು ಮೀಸೆಗೆ ಕೈ ಹಾಕುವಷ್ಟರಲ್ಲಿ ಗೋಡೆಯಾಚೆ ಕಾಕಾನ ಆಂಪ್ಲಿಫೈಯರೂ ತುಂಬಿದ ಎದೆಯಿಂದ ಹಾಡತೊಡಗಿತು. ಕೆಂಪು ಒತ್ತಿದೆ, ಎರಡೂ ಸುಮ್ಮನಾದವು. ಹಸಿರು ಒತ್ತಿದೆ, ಎರಡೂ ಎದ್ದವು. ಅವ್ವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಬುಟ್ಟಿ ಎತ್ತಿಕೊಂಡು ಕಾಕಾನ ಮನೆಗೆ ಹೊರಟೇಬಿಟ್ಟಳು.

ಈ ರಿಮೋಟಿನ ಅಲೆ ಗೋಡೆಯನ್ನೂ ದಾಟುತ್ತದಂತೆ, ಅದಕ್ಕೇ ಒಂದೊಂದು ಬೋರ್ಡಿಗೂ ಒಂದೊಂದು ಗುರುತಿನ ಜೋಡಣೆ ಇರುತ್ತದಂತೆ. ನೀವೇ ಹೇಳಿದಿರಲ್ಲ ಎಂದು ರಿಪೇರಿಯವ ನನ್ನದಕ್ಕೂ ಕಾಕಾನ ಗುರುತನ್ನೇ ಕೂಡಿಸಿದ್ದ. ಬದಲಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಯಾರದನ್ನು ಬದಲಿಸುವುದು? ನನ್ನದನ್ನು ಬದಲಿಸಿದರೆ ನಾನೇ ಸೋತ ಹಾಗೆ. ಅವರೇ ಬದಲಿಸಲಿ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದೆ. ಅದು ಕಾಕಾನ ಕಿವಿಗೂ ಬಿತ್ತು. ಒಂದು ದಿನ ಕಟ್ಟೆಯ ಮೇಲೆ ಕುಳಿತಿದ್ದವರು ನನ್ನನ್ನು ಕರೆದರು.

"ಇರಲಿ ಬಿಡೋ ತಮ್ಮಾ. ಯಾರರೆ ಒಬ್ಬರು ಒತ್ತಿದ್ರ ಎರಡೂ ಮನಿ ಹಾಡತಾವ."

ದೊಡ್ಡ ಸ್ಪೀಕರೂ ಅವರದೇ, ದೊಡ್ಡ ಮನಸ್ಸೂ ಅವರದೇ. ನನಗೆಂದು ಏನಾದರೂ ಬಿಡಬೇಕೋ ಬೇಡವೋ?

ಹಾಗೆಯೇ ವರ್ಷಗಳು ಕಳೆದವು. ದಿನಾ ಸಂಜೆ ಅವರೇ ಮೊದಲು ಒತ್ತುತ್ತಿದ್ದರು. ನನ್ನ ಮನೆಯ ಟೇಪು ನನಗಿಂತ ಅವರ ಮಾತನ್ನೇ ಹೆಚ್ಚು ಕೇಳುತ್ತಿತ್ತು. ಬೇಡವಾಗಿದ್ದರೆ ವೈರು ಕಿತ್ತಿಡಬಹುದಿತ್ತು. ಯಾಕೋ ಕೀಳಲಿಲ್ಲ...

ಒಂದು ಸಂಜೆ ಹೊತ್ತು ಮುಳುಗಿದರೂ ಟೇಪು ಹಾಡಲಿಲ್ಲ. ಅವ್ವ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎದೆನೋವೆಂದು ಕಾಕಾನನ್ನು ಮಧ್ಯಾಹ್ನವೇ ಧಾರವಾಡಕ್ಕೆ ಒಯ್ದಿದ್ದರು. ಅವರು ಜೀವಂತ ಮರಳಲಿಲ್ಲ. ಕೆಲವು ತಿಂಗಳಿಗೆ ಅವರ ಹೆಂಡತಿ ಕಾಕು ಸವದತ್ತಿಯ ಮಗಳ ಮನೆಗೆ ಹೋದರು, ಆಂಪ್ಲಿಫೈಯರನ್ನೂ ಜೊತೆಗೆ ಒಯ್ದರು. ಆಮೇಲೆ ನಾನು ಗುಂಡಿ ಒತ್ತಿದರೆ ನನ್ನದೊಂದೇ ಹಾಡುತ್ತಿತ್ತು. ಬೇಕಾಗಿದ್ದದ್ದು ಅದೇ. ಆದರೆ ಕಿವಿ ಗೋಡೆಯ ಕಡೆಗೇ ಇರುತ್ತಿತ್ತು, ಹೊಟ್ಟೆಕಿಚ್ಚು ಪಡೋಣವೆಂದರೆ ಆಚೆ ಯಾರೂ ಇಲ್ಲ. ಕೆಲವು ದಿನ ಹಚ್ಚಿ, ಬಿಟ್ಟುಬಿಟ್ಟೆ.

ಮೊನ್ನೆ ರಿಮೋಟಿನ ಪುಡಿ ಉಜ್ಜಿ ತೆಗೆದು ಹೊಸ ಸೆಲ್ ಹಾಕಿದೆ. ಟೇಪಿನ ಧೂಳು ಒರೆಸಿದೆ. ಅವ್ವನಿಗೆ ಈಗ ಕಣ್ಣು ಮಂಜು, ನಿನ್ನೆ ಯಾವುದು ಇಂದು ಯಾವುದು ಎಂಬುದೂ ಕಲಸಿಹೋಗಿದೆ. ಹಸಿರು ಗುಂಡಿ ಒತ್ತಿದೆ. ಟಕ್ ಎಂದಿತು. ಹಾಡು ಬಹಳ ಹೊತ್ತು ಎಳೆದಾಡಿ, ಕೊನೆಗೆ ಹದಕ್ಕೆ ಬಂತು. ಮಲಗಿದ್ದ ಅವ್ವ ಎದ್ದು ಕುಳಿತಳು.

"ಕಾಕಾ ಹಚ್ಯಾರೇನೋ?"

ಇದು ನಂದು, ನಾನೇ ಹಚ್ಚಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೌದವ್ವಾ, ಅವರ ಹಚ್ಯಾರ" ಅಂದೆ.

ಅವ್ವ ಮೆಲ್ಲಗೆ ಸರಿದು ಕಾಕಾನ ಮನೆಯ ಕಡೆಯ ಗೋಡೆಗೆ ಆತು ಕುಳಿತಳು.